ಸೂಜಿ ಚಿಕಿತ್ಸೆಗೆ ಮೆಡಿಕೇರ್ ಹಣ: ಅಕ್ಯುಪಂಕ್ಚರನ್ನು ಎಷ್ಟು ನಂಬಬಹುದು? ಎಲ್ಲಿ ಎಚ್ಚರ ಬೇಕು?

ಅಮೆರಿಕದಲ್ಲಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಇತ್ತೀಚೆಗೆ ಒಂದು ಹೊಸ ವಿಷಯ ಚರ್ಚೆಗೆ ಬರುತ್ತಿದೆ. ಯುಗಾದಿಗೋ ರಾಜ್ಯೋತ್ಸವಕ್ಕೋ ನಾಲ್ಕು ಜನ ಸೇರಿದರೆ ಸಾಕು, ಮನೆ ಸಾಲದ ಬಡ್ಡಿ, ಮಕ್ಕಳ ಕಾಲೇಜು, ವೀಸಾ ಇವುಗಳ ಜೊತೆಗೆ ಸೊಂಟನೋವಿನ ಮಾತೂ ಬರುತ್ತದೆ. ಯಾರದೋ ತಾಯಿಗೆ ಸೂಜಿ ಚುಚ್ಚಿಸಿದ ಮೇಲೆ ನಡೆಯಲು ಸುಲಭವಾಯಿತಂತೆ, ಇನ್ಯಾರದೋ ಮಾವನವರಿಗೆ ಹತ್ತು ಸಲ ಹೋದರೂ ಏನೂ ಆಗಲಿಲ್ಲವಂತೆ! ಇದರ ನಡುವೆ "ಈಗ ಮೆಡಿಕೇರ್ ಕೂಡ ಅಕ್ಯುಪಂಕ್ಚರಿಗೆ ಹಣ ಕೊಡುತ್ತೆ, ಹಾಗಾದರೆ ಅದು ಸರಿಯಾದ ಚಿಕಿತ್ಸೆಯೇ ಇರಬೇಕು" ಎಂಬ ವಾದವೂ ಕೇಳಿಬರುತ್ತದೆ.

ಈ ವಾದದಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧ ಏನು ಎಂದು ತಿಳಿಯದೇ ಹೋದರೆ ನಮಗೆ ಹಣ ನಷ್ಟವಾಗಬಹುದು, ಕೆಲವೊಮ್ಮೆ ಆರೋಗ್ಯವೂ ಕೆಡಬಹುದು. ಆದ್ದರಿಂದ ಸರ್ಕಾರ ಒಪ್ಪಿದ್ದು ಏನನ್ನು, ಸಂಶೋಧನೆಗಳು ಹೇಳುವುದು ಏನನ್ನು, ನಮ್ಮ ಮನೆಯ ಹಿರಿಯರಿಗೆ ಇದರಿಂದ ಉಪಯೋಗವುಂಟೆ ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ. ನಾವು ವೈದ್ಯರಲ್ಲ. ಕಂಪ್ಯೂಟರ್ ಕೆಲಸ ಮಾಡುತ್ತಾ, ಕುತ್ತಿಗೆ ಬೆನ್ನು ಹಿಡಿಸಿಕೊಂಡಿರುವ ಸಾವಿರಾರು ಜನರಲ್ಲಿ ನಾವೂ ಸೇರಿದವರು. ಪ್ರಕಟವಾದ ಅಂಕಿ ಅಂಶಗಳನ್ನು ಓದಿ ಅರ್ಥ ಮಾಡಿಕೊಳ್ಳುವ ಪ್ರಯತ್ನವಷ್ಟೇ ಇದು.

ಮೆಡಿಕೇರ್ ಒಪ್ಪಿದ್ದು ಎಷ್ಟು?

2020ರ ಜನವರಿ 21ರಂದು ಅಮೆರಿಕದ ಮೆಡಿಕೇರ್ ಸಂಸ್ಥೆ ಮೊದಲ ಬಾರಿಗೆ ಅಕ್ಯುಪಂಕ್ಚರ್ ಚಿಕಿತ್ಸೆಗೆ ಹಣ ಕೊಡುವ ನಿರ್ಧಾರ ಪ್ರಕಟಿಸಿತು. ಆದರೆ ಅದು ಎಲ್ಲ ಕಾಯಿಲೆಗಳಿಗೂ ಅಲ್ಲ, ಒಂದೇ ಒಂದು ತೊಂದರೆಗೆ. ಅದು ಬಹುಕಾಲದ ಸೊಂಟನೋವು. ನೋವು ಕನಿಷ್ಠ 12 ವಾರಗಳಿಂದ ಇರಬೇಕು. ಕ್ಯಾನ್ಸರ್, ಸೋಂಕು, ಉರಿಯೂತದಂತಹ ಗುರುತಿಸಬಹುದಾದ ಕಾರಣ ಅದಕ್ಕೆ ಇರಬಾರದು. ಶಸ್ತ್ರಚಿಕಿತ್ಸೆಗೆ ಅಥವಾ ಗರ್ಭಧಾರಣೆಗೆ ಸಂಬಂಧಪಟ್ಟ ನೋವೂ ಆಗಿರಬಾರದು.

ಇಂತಹವರಿಗೆ 90 ದಿನಗಳಲ್ಲಿ 12 ಸಲ ಚಿಕಿತ್ಸೆ ಸಿಗುತ್ತದೆ. ಗುಣ ಕಂಡರೆ ಇನ್ನೂ 8 ಸಲ. ಒಟ್ಟಿನಲ್ಲಿ ವರ್ಷಕ್ಕೆ 20 ಮೀರುವಂತಿಲ್ಲ. ಗುಣ ಕಾಣದಿದ್ದರೆ ಅಥವಾ ನೋವು ಹೆಚ್ಚಾದರೆ ಚಿಕಿತ್ಸೆ ನಿಲ್ಲಿಸಬೇಕು ಎಂದು ನಿಯಮವೇ ಹೇಳುತ್ತದೆ. ಈ ಕೊನೆಯ ವಾಕ್ಯವನ್ನು ನಮ್ಮವರು ಗಮನಿಸಬೇಕು. ಎಷ್ಟೋ ಕಡೆ "ಇನ್ನೂ ಹತ್ತು ಸಲ ಬನ್ನಿ, ಆಮೇಲೆ ಗುಣವಾಗುತ್ತೆ" ಎಂದು ಎಳೆಯುತ್ತಾ ಹೋಗುವುದುಂಟು. ಹಣ ಕೊಡುವ ಸರ್ಕಾರವೇ ಆ ಎಳೆತಕ್ಕೆ ಒಪ್ಪುವುದಿಲ್ಲ.

ಇನ್ನೊಂದು ಗಂಟೂ ಇದೆ. ಲೈಸೆನ್ಸ್ ಇರುವ ಅಕ್ಯುಪಂಕ್ಚರ್ ಚಿಕಿತ್ಸಕರು ಈ ನಿಯಮದಡಿ ಮೆಡಿಕೇರಿಗೆ ನೇರವಾಗಿ ಬಿಲ್ ಕಳಿಸುವಂತಿಲ್ಲ. ವೈದ್ಯರು ಅಥವಾ ನರ್ಸ್ ಪ್ರಾಕ್ಟೀಷನರ್‌ನಂತಹವರ ಮೇಲ್ವಿಚಾರಣೆಯಲ್ಲಿ ಅವರು ಕೆಲಸ ಮಾಡಬೇಕು. ಹೀಗಾಗಿ ಮನೆ ಪಕ್ಕದ ಶಾಪಿಂಗ್ ಸೆಂಟರಿನಲ್ಲಿ ಬೋರ್ಡು ಹಾಕಿಕೊಂಡಿರುವ ಚಿಕಿತ್ಸಾಲಯಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿ, ಮೆಡಿಕೇರ್ ಕಾರ್ಡ್ ತೋರಿಸಿದರೆ "ಇಲ್ಲಿ ನಡೆಯೋದಿಲ್ಲ" ಎಂಬ ಉತ್ತರ ಸಿಗಬಹುದು. ಮೊದಲೇ ಫೋನ್ ಮಾಡಿ ವಿಚಾರಿಸುವುದು ಒಳ್ಳೆಯದು. ಹಣ ಸಿಕ್ಕರೂ ಪಾರ್ಟ್ ಬಿ ಡಿಡಕ್ಟಿಬಲ್ ಮುಗಿದ ಮೇಲೆ ಶೇಕಡಾ 20ರಷ್ಟು ನಮ್ಮ ಕೈಯಿಂದಲೇ ಹೋಗುತ್ತದೆ.

ಯಾರ ತಂದೆ ತಾಯಿಗೆ ಇದು ಸಿಗುತ್ತದೆ?

ನಮ್ಮ ಕುಟುಂಬಗಳಲ್ಲಿ ಇದೇ ದೊಡ್ಡ ಪ್ರಶ್ನೆ. ಆರು ತಿಂಗಳಿಗೆಂದು ವಿಸಿಟರ್ ವೀಸಾದಲ್ಲಿ ಬಂದ ತಂದೆ ತಾಯಿಗೆ ಮೆಡಿಕೇರ್ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಪಡೆದು ಬಂದವರಿಗೂ ಬಂದ ಕೂಡಲೇ ಸಿಗುವುದಿಲ್ಲ. ಇಲ್ಲಿ ಕೆಲಸ ಮಾಡಿ ತೆರಿಗೆ ಕಟ್ಟದ ಹಿರಿಯರು 65 ವರ್ಷ ದಾಟಿರಬೇಕು, ಜೊತೆಗೆ ಐದು ವರ್ಷ ಸತತವಾಗಿ ಇಲ್ಲಿ ನೆಲೆಸಿರಬೇಕು. ಆಮೇಲೆ ಪ್ರೀಮಿಯಂ ಕಟ್ಟಿ ಸೇರಿಕೊಳ್ಳಬಹುದು. ಪ್ರವಾಸಿಗರ ವಿಮೆಗಳಲ್ಲಿ ಬಹಳಷ್ಟು ಹಳೆಯ ಕಾಯಿಲೆಗಳಿಗೆ ಹಣ ಕೊಡುವುದಿಲ್ಲ. ಹತ್ತು ವರ್ಷದ ಸೊಂಟನೋವು ಹಳೆಯ ಕಾಯಿಲೆಯೇ ತಾನೆ?

ಉದ್ಯೋಗದ ಮೂಲಕ ವಿಮೆ ಇರುವ ನಮ್ಮಂತಹವರಿಗೆ ಪ್ಲಾನಿನಿಂದ ಪ್ಲಾನಿಗೆ ವ್ಯತ್ಯಾಸವಿದೆ. ಕೆಲವು ವರ್ಷಕ್ಕೆ ಇಷ್ಟು ಸಲ ಎಂದು ಕೊಡುತ್ತವೆ, ಕೆಲವು ಏನೂ ಕೊಡುವುದಿಲ್ಲ. ವಿಮೆ ಕೊಡದಿದ್ದರೂ ಎಚ್.ಎಸ್.ಎ. ಅಥವಾ ಎಫ್.ಎಸ್.ಎ. ಖಾತೆಯಿಂದ ಅಕ್ಯುಪಂಕ್ಚರ್ ಖರ್ಚು ಕಟ್ಟಬಹುದು ಎಂಬುದು ಹಲವರಿಗೆ ಗೊತ್ತಿಲ್ಲದ ಅನುಕೂಲ.

ಸರ್ಕಾರಕ್ಕೆ ಏಕೆ ಈ ಮನಸ್ಸು ಬಂತು?

ಸೂಜಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬಂದು ಸರ್ಕಾರ ಹೀಗೆ ಮಾಡಲಿಲ್ಲ. ಅದರ ಹಿಂದೆ ಇದ್ದದ್ದು ಓಪಿಯಾಯ್ಡ್ ಎಂಬ ಅಫೀಮು ಜಾತಿಯ ನೋವಿನ ಮಾತ್ರೆಗಳ ಹಾವಳಿ. 1990ರ ದಶಕದ ಕೊನೆಯಿಂದ ಬೆನ್ನುನೋವಿಗೂ ಈ ಮಾತ್ರೆಗಳನ್ನು ಧಾರಾಳವಾಗಿ ಬರೆದುಕೊಟ್ಟ ಫಲವಾಗಿ ಅಮೆರಿಕದಲ್ಲಿ ಲಕ್ಷಾಂತರ ಜನ ಚಟಕ್ಕೆ ಬಿದ್ದರು, ಲಕ್ಷಾಂತರ ಜನ ಸತ್ತರು. ಮಾತ್ರೆಯಿಲ್ಲದೆ ನೋವು ತಗ್ಗಿಸುವ ದಾರಿಗಳನ್ನು ಹುಡುಕುವುದು ಅನಿವಾರ್ಯವಾಯಿತು. 2017ರಲ್ಲಿ ಅಮೆರಿಕದ ಕಾಲೇಜ್ ಆಫ್ ಫಿಸಿಷಿಯನ್ಸ್ ಹೊರಡಿಸಿದ ಮಾರ್ಗಸೂಚಿ, ಬಹುಕಾಲದ ಸೊಂಟನೋವಿಗೆ ಮೊದಲು ಮಾತ್ರೆ ಬೇಡ, ವ್ಯಾಯಾಮ, ಯೋಗ, ಅಕ್ಯುಪಂಕ್ಚರ್ ಇಂತಹವುಗಳಿಂದ ಆರಂಭಿಸಿ ಎಂದಿತು.

ಇದು ನಮ್ಮ ಹಿರಿಯರಿಗೂ ಹೊಂದುವ ಮಾತು. ನಮ್ಮಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವ ಹಿರಿಯರು ಎಷ್ಟು ಮನೆಗಳಲ್ಲಿಲ್ಲ? ಇವರು ಅಂಗಡಿಯಲ್ಲಿ ಸಿಗುವ ಐಬುಪ್ರೊಫೆನ್‌ನಂತಹ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವ, ಮೂತ್ರಪಿಂಡಕ್ಕೆ ಪೆಟ್ಟು, ರಕ್ತದೊತ್ತಡದ ಏರಿಕೆ, ಹೃದಯಕ್ಕೆ ಅಪಾಯ ಎಲ್ಲವೂ ಸಾಧ್ಯ. "ಒಂದು ಮಾತ್ರೆ ತಾನೆ" ಎಂದು ಊರಿಂದ ತಂದ ಪಟ್ಟಿಯಿಂದ ದಿನಾ ಒಂದು ತೆಗೆದು ನುಂಗುವ ಅಜ್ಜ ಅಜ್ಜಿಯರು ಕಡಿಮೆಯಿಲ್ಲ. ಆ ಮಾತ್ರೆ ಕಡಿಮೆಯಾಗುವುದಾದರೆ ಸೂಜಿಯಿಂದ ಸಿಗುವ ಸಣ್ಣ ಲಾಭಕ್ಕೂ ಬೆಲೆಯಿದೆ.

ಬೀಜಿಂಗಿನಿಂದ ಅಮೆರಿಕಕ್ಕೆ, ಕೋಲ್ಕತ್ತಕ್ಕೆ

ಅಮೆರಿಕದ ಜನಸಾಮಾನ್ಯರಿಗೆ ಅಕ್ಯುಪಂಕ್ಚರ್ ಪರಿಚಯವಾದದ್ದು ಒಬ್ಬ ಪತ್ರಕರ್ತನ ಅಪೆಂಡಿಕ್ಸ್ ದೆಸೆಯಿಂದ! 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಚೀನಾಕ್ಕೆ ಹೋಗಿದ್ದಾಗ ಅಪೆಂಡಿಕ್ಸ್ ತೊಂದರೆಯಾಗಿ ಬೀಜಿಂಗಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ನಂತರ ಹೊಟ್ಟೆ ಉಬ್ಬರಿಸಿ ಸಂಕಟಪಟ್ಟಾಗ ಅಲ್ಲಿನವರು ಸೂಜಿ ಚುಚ್ಚಿದರು, ಸಮಾಧಾನವಾಯಿತು. ಅದನ್ನು ಅವರು ಪತ್ರಿಕೆಯಲ್ಲಿ ಬರೆದರು. ಸೂಜಿ ಚುಚ್ಚಿಯೇ ಅವರಿಗೆ ಆಪರೇಷನ್ ಮಾಡಿದರು ಎಂಬ ಕಥೆ ಇಂದಿಗೂ ಓಡಾಡುತ್ತಿದೆ, ಅದು ತಪ್ಪು. ಆಪರೇಷನ್ ನಡೆದದ್ದು ಸಾಮಾನ್ಯ ಅರಿವಳಿಕೆಯ ಇಂಜೆಕ್ಷನ್ ಕೊಟ್ಟು. 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋದ ಮೇಲೆ ಕುತೂಹಲ ಇಮ್ಮಡಿಯಾಯಿತು. 1996ರಲ್ಲಿ ಎಫ್.ಡಿ.ಎ. ಅಕ್ಯುಪಂಕ್ಚರ್ ಸೂಜಿಯನ್ನು ಪ್ರಾಯೋಗಿಕ ಸಾಧನಗಳ ಪಟ್ಟಿಯಿಂದ ತೆಗೆದು ಸಾಮಾನ್ಯ ವೈದ್ಯಕೀಯ ಸಾಧನಗಳ ಸಾಲಿಗೆ ಸೇರಿಸಿತು.

ಭಾರತಕ್ಕೆ ಬಂದ ದಾರಿ ಇನ್ನೂ ಸ್ವಾರಸ್ಯಕರ. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ನೆರವಾಗಲು ಭಾರತದಿಂದ ಐವರು ವೈದ್ಯರ ತಂಡ ಹೋಗಿತ್ತು. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಹೆಸರು ನಮ್ಮಲ್ಲಿ ಹಲವರಿಗೆ ಗೊತ್ತು. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕೋಲ್ಕತ್ತದಲ್ಲಿ ಆರಂಭಿಸಿದರು. ಕರ್ನಾಟಕದಲ್ಲಿ ಇದು ಹೆಚ್ಚಾಗಿ ಪ್ರಕೃತಿ ಚಿಕಿತ್ಸೆಯ ಜೊತೆ ಬೆಳೆಯಿತು. ಉಜಿರೆಯಂತಹ ಕಡೆ ಇರುವ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ ಕಾಲೇಜುಗಳಲ್ಲಿ ಅಕ್ಯುಪಂಕ್ಚರ್ ಒಂದು ಪಾಠ. ಹಾಗಾಗಿ ನಮ್ಮ ತಂದೆ ತಾಯಿಯರಲ್ಲಿ ಕೆಲವರಿಗೆ ಇದು ಅಮೆರಿಕಕ್ಕೆ ಬರುವ ಮೊದಲೇ ಪರಿಚಿತ.

ಸೂಜಿ ಚುಚ್ಚಿದರೆ ಏನಾಗುತ್ತದೆ?

ಚೀನೀ ಪರಂಪರೆಯ ಪ್ರಕಾರ ದೇಹದಲ್ಲಿ "ಚೀ" ಎಂಬ ಪ್ರಾಣಶಕ್ತಿ ಕೆಲವು ನಾಡಿಗಳಲ್ಲಿ ಹರಿಯುತ್ತದೆ, ಅದಕ್ಕೆ ತಡೆಯಾದಾಗ ರೋಗ ಬರುತ್ತದೆ, ಗೊತ್ತಾದ ಬಿಂದುಗಳಲ್ಲಿ ಚುಚ್ಚಿದರೆ ತಡೆ ಬಿಡುತ್ತದೆ. ಶವವನ್ನು ಸೀಳಿ ನೋಡಿದರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಈ ನಾಡಿಗಳು ಯಾರಿಗೂ ಕಂಡಿಲ್ಲ. ಆದರೆ ಸೂಜಿ ಚುಚ್ಚಿದಾಗ ಏನೂ ಆಗುವುದಿಲ್ಲ ಎಂದೂ ಅಲ್ಲ. ಚರ್ಮ ಮತ್ತು ಸ್ನಾಯುವಿನ ನರಗಳು ಪ್ರಚೋದನೆಗೊಳ್ಳುತ್ತವೆ, ಮಿದುಳಿನಲ್ಲಿ ನೋವನ್ನು ತಗ್ಗಿಸುವ ಎಂಡಾರ್ಫಿನ್‌ನಂತಹ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. 2010ರಲ್ಲಿ ಇಲಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಸೂಜಿ ತಿರುಗಿಸಿದ ಜಾಗದಲ್ಲಿ ಅಡೆನೊಸಿನ್ ಎಂಬ ನೋವುಶಾಮಕ ವಸ್ತು ಹೆಚ್ಚಾದದ್ದು ಕಂಡುಬಂತು. ಸೂಜಿ ಕೂದಲೆಳೆಗಿಂತ ಸ್ವಲ್ಪ ದಪ್ಪ, ಸುಮಾರು ಕಾಲು ಮಿಲಿಮೀಟರ್. ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ, ಅದರಿಂದ ಯಾವ ಔಷಧವೂ ಒಳಗೆ ಹೋಗುವುದಿಲ್ಲ.

ಇಲ್ಲಿ ಒಂದು ಮಾತು. "ನಮ್ಮ ಹಿರಿಯರು ಕಿವಿ ಚುಚ್ಚಿಸಿದ್ದೇ ಅಕ್ಯುಪಂಕ್ಚರ್, ಕಾಲುಂಗುರವೂ ಅಕ್ಯುಪಂಕ್ಚರ್" ಎಂಬ ಸಂದೇಶಗಳು ನಮ್ಮ ಫೋನುಗಳಿಗೆ ಬರುತ್ತಲೇ ಇರುತ್ತವೆ. ಕಿವಿ ಚುಚ್ಚುವುದು ನಮ್ಮ ಸಂಸ್ಕಾರ, ಅದಕ್ಕೆ ಅದರದೇ ಗೌರವವಿದೆ. ಅದಕ್ಕೆ ಚೀನೀ ವೈದ್ಯದ ಸರ್ಟಿಫಿಕೇಟ್ ಏಕೆ ಬೇಕು?

ಹುಸಿ ಸೂಜಿಯ ಪರೀಕ್ಷೆ

ಸಾಫ್ಟ್‌ವೇರಿನಲ್ಲಿ ಒಂದು ದೋಷ ಸರಿಹೋದಾಗ ಅದು ಯಾವ ಬದಲಾವಣೆಯಿಂದ ಸರಿಹೋಯಿತು ಎಂದು ತಿಳಿಯಬೇಕಾದರೆ ಒಂದೊಂದನ್ನೇ ಬದಲಿಸಿ ನೋಡಬೇಕು. ಚಿಕಿತ್ಸೆಯಲ್ಲೂ ಹಾಗೆಯೇ. ರೋಗಿ ಚಿಕಿತ್ಸಾಲಯಕ್ಕೆ ಹೋದಾಗ ಸೂಜಿ ಮಾತ್ರ ಕೆಲಸ ಮಾಡುವುದಿಲ್ಲ. ಅರ್ಧ ಗಂಟೆ ವಿಶ್ರಾಂತಿ, ಮೃದು ಸಂಗೀತ, ಕಷ್ಟ ಕೇಳುವ ಒಬ್ಬ ಮನುಷ್ಯ, ಗುಣವಾಗುತ್ತದೆಂಬ ನಿರೀಕ್ಷೆ ಇವೆಲ್ಲ ಸೇರಿರುತ್ತವೆ. ಅದೂ ಅಲ್ಲದೆ ನಾವು ಚಿಕಿತ್ಸೆಗೆ ಹೋಗುವುದು ನೋವು ತೀರಾ ಹೆಚ್ಚಾದಾಗ. ಸಂಕಟ ಬಂದಾಗ ವೆಂಕಟರಮಣ! ಹೆಚ್ಚಾದ ನೋವು ತಾನಾಗಿಯೇ ಸ್ವಲ್ಪ ಇಳಿಯುವುದೂ ಉಂಟು, ಕೀರ್ತಿ ಮಾತ್ರ ಕೊನೆಗೆ ಹೋದ ಚಿಕಿತ್ಸಕನಿಗೆ.

ಇದನ್ನು ಬಿಡಿಸಿ ನೋಡಲು ಸಂಶೋಧಕರು ಹುಸಿ ಸೂಜಿಯನ್ನು ಬಳಸುತ್ತಾರೆ. ಬಿಂದುವಲ್ಲದ ಜಾಗದಲ್ಲಿ ಮೇಲೆ ಮೇಲೆ ಚುಚ್ಚುವುದು, ಅಥವಾ ಚುಚ್ಚಿದಂತೆ ಅನ್ನಿಸಿದರೂ ಒಳಗೆ ಹೋಗದ ಸೂಜಿ ಬಳಸುವುದು. ರೋಗಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಜರ್ಮನಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 1,162 ಸೊಂಟನೋವಿನ ರೋಗಿಗಳಿದ್ದರು. ಆರು ತಿಂಗಳ ನಂತರ ಗುಣ ಕಂಡವರು ನಿಜವಾದ ಅಕ್ಯುಪಂಕ್ಚರ್ ಗುಂಪಿನಲ್ಲಿ ಶೇಕಡಾ 47.6, ಹುಸಿ ಗುಂಪಿನಲ್ಲಿ 44.2, ಮಾತ್ರೆ ವ್ಯಾಯಾಮಗಳ ಸಾಮಾನ್ಯ ಚಿಕಿತ್ಸೆ ಪಡೆದ ಗುಂಪಿನಲ್ಲಿ 27.4. ಅಂದರೆ ಸೂಜಿ ಚುಚ್ಚಿಸಿಕೊಂಡ ಎರಡೂ ಗುಂಪುಗಳು ಸಾಮಾನ್ಯ ಚಿಕಿತ್ಸೆಯನ್ನು ಬಹಳ ಹಿಂದೆ ಹಾಕಿದವು, ಆದರೆ ಎಲ್ಲಿ ಚುಚ್ಚಿದರು ಎಂಬುದು ಹೆಚ್ಚು ಲೆಕ್ಕಕ್ಕೆ ಬರಲಿಲ್ಲ! 2005ರಲ್ಲಿ ಮೈಗ್ರೇನ್ ತಲೆನೋವಿನ ಬಗ್ಗೆ ಜರ್ಮನಿಯಲ್ಲೇ ನಡೆದ ಅಧ್ಯಯನದಲ್ಲೂ ಇದೇ ಕಥೆ. ನಿಜ ಸೂಜಿಯಲ್ಲಿ ಶೇಕಡಾ 51, ಹುಸಿ ಸೂಜಿಯಲ್ಲಿ 53, ಏನೂ ಕೊಡದೆ ಕಾಯಿಸಿದವರಲ್ಲಿ 15 ಜನರಿಗೆ ತಲೆನೋವಿನ ದಿನಗಳು ಅರ್ಧಕ್ಕಿಳಿದವು.

ಹಾಗಾದರೆ ನಿಜ ಸೂಜಿ ಹುಸಿ ಸೂಜಿ ಎರಡೂ ಒಂದೇ ಎನ್ನೋಣವೆ? ಪೂರ್ತಿ ಹಾಗಲ್ಲ. 2018ರಲ್ಲಿ 39 ಅಧ್ಯಯನಗಳ 20,827 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ ಬೆನ್ನು, ಕುತ್ತಿಗೆ, ಮಂಡಿ, ತಲೆನೋವುಗಳಲ್ಲಿ ನಿಜ ಸೂಜಿ ಹುಸಿಗಿಂತ ಮುಂದಿತ್ತು, ಆದರೆ ಸ್ವಲ್ಪವೇ ಮುಂದೆ. ಸಿಕ್ಕ ಲಾಭ ಒಂದು ವರ್ಷದ ನಂತರವೂ ಬಹುಪಾಲು ಉಳಿದಿತ್ತು, ಸುಮಾರು ಶೇಕಡಾ 15ರಷ್ಟು ಮಾತ್ರ ಕಡಿಮೆಯಾಗಿತ್ತು.

ಹಿರಿಯರ ಮೇಲೆಯೇ ನಡೆದ ಅಧ್ಯಯನ 2025ರ ಸೆಪ್ಟೆಂಬರಿನಲ್ಲಿ ಹೊರಬಂತು. ಮೆಡಿಕೇರ್ ನಿರ್ಧಾರ ಕೈಗೊಂಡಾಗ ಹಿಂದಿನ ಅಧ್ಯಯನಗಳಲ್ಲಿ 65 ದಾಟಿದವರು ಕಡಿಮೆ ಇದ್ದರು ಎಂಬ ಆಕ್ಷೇಪವಿತ್ತು. ಅದಕ್ಕಾಗಿ 65 ವರ್ಷ ಮೀರಿದ 800 ಜನರನ್ನು ಮೂರು ಗುಂಪು ಮಾಡಿ ಒಂದು ವರ್ಷ ಗಮನಿಸಿದರು. ದಿನನಿತ್ಯದ ಕೆಲಸಕ್ಕೆ ಸೊಂಟನೋವು ಎಷ್ಟು ಅಡ್ಡಿ ಎಂಬುದನ್ನು 24 ಅಂಕಗಳಲ್ಲಿ ಅಳೆದಾಗ ಸಾಮಾನ್ಯ ಚಿಕಿತ್ಸೆಗಿಂತ ಅಕ್ಯುಪಂಕ್ಚರ್ ಗುಂಪಿನವರು ಆರು ತಿಂಗಳ ನಂತರ ಸುಮಾರು ಒಂದರಿಂದ ಒಂದೂವರೆ ಅಂಕ ಉತ್ತಮವಾಗಿದ್ದರು. ಈ ಅಧ್ಯಯನದಲ್ಲಿ ಹುಸಿ ಸೂಜಿಯ ಗುಂಪು ಇರಲಿಲ್ಲ ಎಂಬುದನ್ನೂ ಹೇಳಬೇಕು.

24ರಲ್ಲಿ ಒಂದೂವರೆ! ಪವಾಡವಲ್ಲ. ಆದರೆ ಸೊಂಟನೋವಿಗೆ ಇರುವ ಬೇರೆ ಚಿಕಿತ್ಸೆಗಳೂ ಇಂತಹ ಸಣ್ಣ ಲಾಭವನ್ನೇ ಕೊಡುವಂಥವು. ಕೆಲವರಿಗೆ ಚೆನ್ನಾಗಿ ಗುಣವಾಗಿ, ಕೆಲವರಿಗೆ ಏನೂ ಆಗದೆ ಸರಾಸರಿ ಹೀಗೆ ಬರುತ್ತದೆ. ಹಾಗಾಗಿಯೇ "ನಮ್ಮಮ್ಮನಿಗೆ ಹೋಯ್ತು" ಎನ್ನುವವರೂ "ನಮ್ಮ ಮಾವನಿಗೆ ಏನೂ ಆಗಲಿಲ್ಲ" ಎನ್ನುವವರೂ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ದೇಶಕ್ಕೊಂದು ತೀರ್ಪು

ಇಷ್ಟೇ ಪುರಾವೆ ಕೈಯಲ್ಲಿಟ್ಟುಕೊಂಡು ಬೇರೆ ಬೇರೆ ದೇಶಗಳು ಬೇರೆ ಬೇರೆ ತೀರ್ಪು ಕೊಟ್ಟಿವೆ. ಜರ್ಮನಿ ತನ್ನ ಅಧ್ಯಯನಗಳ ನಂತರ 2007ರಿಂದ ಸೊಂಟನೋವು ಮತ್ತು ಮಂಡಿ ಸವೆತಕ್ಕೆ ಸಾರ್ವಜನಿಕ ವಿಮೆಯಲ್ಲಿ ಅವಕಾಶ ಕೊಟ್ಟಿತು. ಹುಸಿಯೋ ನಿಜವೋ, ರೋಗಿಗೆ ಸಾಮಾನ್ಯ ಚಿಕಿತ್ಸೆಗಿಂತ ಹೆಚ್ಚು ಗುಣವಾಗಿದೆಯಲ್ಲ ಎಂಬುದು ಅಲ್ಲಿನ ಲೆಕ್ಕಾಚಾರ. ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲಿ ಸೊಂಟನೋವಿಗೆ ಇದನ್ನು ಶಿಫಾರಸು ಮಾಡಿ, 2016ರಲ್ಲಿ ಹುಸಿ ಸೂಜಿಗಿಂತ ಸಾಕಷ್ಟು ಮೇಲಲ್ಲ ಎಂದು ಹಿಂತೆಗೆದುಕೊಂಡಿತು. ಮತ್ತೆ 2021ರಲ್ಲಿ ಬೇರೆ ಕಾರಣ ಸಿಗದ ಬಹುಕಾಲದ ನೋವಿಗೆ ಮಿತಿಯೊಳಗೆ ಒಂದು ಸಲ ಪ್ರಯತ್ನಿಸಬಹುದು ಎಂದಿತು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದ ಸೊಂಟನೋವಿನ ಮಾರ್ಗಸೂಚಿಯಲ್ಲಿ ಸೂಜಿ ಚಿಕಿತ್ಸೆಯನ್ನು ಷರತ್ತಿನೊಂದಿಗೆ ಸೇರಿಸಿತು.

ಎರಡೂ ಕಡೆಯವರ ವಾದ ನಮಗೆ ಅರ್ಥವಾಗುತ್ತದೆ. ವಿಜ್ಞಾನಿಗೆ ಬೇಕಾದದ್ದು "ಯಾವುದರಿಂದ ಗುಣವಾಯಿತು" ಎಂಬ ಉತ್ತರ. ರೋಗಿಗೆ ಬೇಕಾದದ್ದು "ಗುಣವಾಯಿತೆ" ಎಂಬ ಉತ್ತರ. ನಮ್ಮ ಅಭಿಪ್ರಾಯದಲ್ಲಿ ಅಪಾಯ ಕಡಿಮೆ ಇರುವ ತನಕ, ಖರ್ಚು ಕೈಗೆಟುಕುವ ತನಕ, ಸೊಂಟನೋವಿನಂತಹ ತೊಂದರೆಗೆ ರೋಗಿಯ ಪ್ರಶ್ನೆಯೇ ಮುಖ್ಯ. ಆದರೆ ಈ ಔದಾರ್ಯವನ್ನು ಬೇರೆ ಕಾಯಿಲೆಗಳಿಗೆ ಹಿಗ್ಗಿಸಬಾರದು.

ಯಾವುದಕ್ಕೆ ಉಂಟು, ಯಾವುದಕ್ಕೆ ಇಲ್ಲ

* ಬಹುಕಾಲದ ಸೊಂಟನೋವು, ಕುತ್ತಿಗೆ ನೋವು: ಸಾಧಾರಣ ಲಾಭವಿದೆ. ವ್ಯಾಯಾಮವನ್ನು ಬಿಡದೆ ಜೊತೆಗೆ ಮಾಡುವುದು ಸರಿ.
* ಪದೇ ಪದೇ ಬರುವ ತಲೆನೋವು, ಮೈಗ್ರೇನ್: ಬರುವ ದಿನಗಳು ಕಡಿಮೆಯಾಗಬಹುದು.
* ಶಸ್ತ್ರಚಿಕಿತ್ಸೆ ಅಥವಾ ಕೀಮೋಥೆರಪಿ ನಂತರದ ವಾಕರಿಕೆ: 1997ರಲ್ಲೇ ಅಮೆರಿಕದ ಎನ್.ಐ.ಎಚ್. ಕರೆದ ತಜ್ಞರ ಸಭೆ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು. ಮಣಿಕಟ್ಟಿನ ಒಳಭಾಗದಲ್ಲಿ, ಅಂಗೈ ಕಡೆಯ ಗೆರೆಯಿಂದ ಮೂರು ಬೆರಳಗಲ ಮೇಲಿರುವ ಬಿಂದುವಿನದು ಈ ಕೆಲಸ.
* ಮಂಡಿ ಸವೆತ: ಉತ್ತರ ಇಬ್ಬಗೆ. 50 ದಾಟಿದವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುಸಿಗಿಂತ ಮೇಲಾಗಲಿಲ್ಲ.
* ಐ.ವಿ.ಎಫ್.: ಮಗುವಿಗಾಗಿ ಕಾಯುತ್ತಿರುವ ದಂಪತಿಗಳಿಗೆ ದೊಡ್ಡ ಪ್ಯಾಕೇಜುಗಳನ್ನು ಮಾರುವವರಿದ್ದಾರೆ. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಅಧ್ಯಯನದಲ್ಲಿ 848 ಮಹಿಳೆಯರಿದ್ದರು. ಮಗು ಹುಟ್ಟಿದ ಪ್ರಮಾಣ ನಿಜ ಸೂಜಿಯಲ್ಲಿ ಶೇಕಡಾ 18.3, ಹುಸಿಯಲ್ಲಿ 17.8. ವ್ಯತ್ಯಾಸವಿಲ್ಲವೆಂದೇ ಅರ್ಥ.
* ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್, ಕ್ಯಾನ್ಸರ್, ಹೃದ್ರೋಗ: ಇವುಗಳನ್ನು ಸೂಜಿ ಗುಣಪಡಿಸುತ್ತದೆ ಎಂದು ಯಾರಾದರೂ ಹೇಳಿದರೆ ಚಪ್ಪಲಿ ಹಾಕಿಕೊಂಡು ಹೊರಗೆ ಬನ್ನಿ. ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಅಕ್ಯುಪಂಕ್ಚರ್ ಇದೆಯಲ್ಲ ಎಂದರೆ, ಅಲ್ಲಿ ಅದು ನೋವಿಗೆ, ವಾಕರಿಕೆಗೆ. ಗೆಡ್ಡೆಗಲ್ಲ.

ಚಿಕಿತ್ಸಾಲಯಗಳ ಗೋಡೆಗಳ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಉದ್ದನೆಯ ರೋಗಗಳ ಪಟ್ಟಿ ತೂಗುಹಾಕಿರುವುದನ್ನು ನೋಡಿರಬಹುದು. ಅದು ಹೆಚ್ಚಾಗಿ 2003ರ ಸುಮಾರಿನ ಹಳೆಯ ವರದಿಯಿಂದ ತೆಗೆದದ್ದು. ಅದರ ನಂತರ ನಡೆದ ದೊಡ್ಡ ಅಧ್ಯಯನಗಳು ಅದರಲ್ಲಿಲ್ಲ.

ಸುರಕ್ಷತೆ: ಸೂಜಿಗಿಂತ ಕೈ ಮುಖ್ಯ

ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದ ವರದಿ 2009ರಲ್ಲಿ ಪ್ರಕಟವಾಯಿತು. ಅವರಿಗೆ ಚಿಕಿತ್ಸೆ ಕೊಟ್ಟವರು ತರಬೇತಿ ಪಡೆದ ವೈದ್ಯರು. ಶೇಕಡಾ 8.6 ಜನರಿಗೆ ಏನಾದರೊಂದು ಸಣ್ಣ ತೊಂದರೆಯಾಯಿತು. ಹೆಚ್ಚಿನವು ಚುಚ್ಚಿದಲ್ಲಿ ರಕ್ತ ಬರುವುದು, ನೀಲಿಗಟ್ಟುವುದು, ನೋವು. ಶೇಕಡಾ 2.2 ಜನರಿಗೆ ಅದಕ್ಕೆ ಚಿಕಿತ್ಸೆ ಬೇಕಾಯಿತು. ಇಬ್ಬರಿಗೆ ಮಾತ್ರ ಶ್ವಾಸಕೋಶಕ್ಕೆ ಸೂಜಿ ತಾಗಿ ಗಾಳಿ ಸೋರಿತು. ಎರಡು ಲಕ್ಷಕ್ಕೂ ಹೆಚ್ಚು ಜನರಲ್ಲಿ ಇಬ್ಬರು ಎಂದರೆ ಬಹಳ ಕಡಿಮೆ. ಆದರೆ ಭುಜ, ಎದೆ, ಬೆನ್ನಿನ ಮೇಲ್ಭಾಗದಲ್ಲಿ ಚುಚ್ಚಿಸಿಕೊಂಡ ಕೆಲವೇ ಗಂಟೆಗಳಲ್ಲಿ ಉಸಿರಾಡಲು ಕಷ್ಟವಾದರೆ, ಎದೆ ಚುಚ್ಚಿದಂತಾದರೆ ತಡಮಾಡದೆ 911ಕ್ಕೆ ಕರೆ ಮಾಡಬೇಕು.

ನಮ್ಮ ಹಿರಿಯರ ವಿಷಯದಲ್ಲಿ ವಿಶೇಷವಾಗಿ ಗಮನಿಸಬೇಕಾದವು ಇವು:

ರಕ್ತ ತೆಳುವಾಗಿಸುವ ಮಾತ್ರೆ. ಸ್ಟೆಂಟ್ ಹಾಕಿಸಿಕೊಂಡವರು ಕ್ಲೋಪಿಡೊಗ್ರೆಲ್, ಕೆಲವರು ವಾರ್ಫರಿನ್ ತೆಗೆದುಕೊಳ್ಳುತ್ತಿರುತ್ತಾರೆ. ಚಿಕಿತ್ಸಕರಿಗೆ ಮೊದಲೇ ಹೇಳಬೇಕು. ಸೂಜಿಗಾಗಿ ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೇಬಾರದು.

ಪೇಸ್‌ಮೇಕರ್. ಸೂಜಿಗೆ ಸಣ್ಣ ವಿದ್ಯುತ್ ಹಾಯಿಸುವ ವಿಧಾನ ಇಂತಹವರಿಗೆ ಬೇಡ.

ಸಕ್ಕರೆ ಕಾಯಿಲೆ. ಪಾದಗಳಲ್ಲಿ ಸ್ಪರ್ಶ ಕಡಿಮೆಯಾಗಿರುವವರಿಗೆ ಬಿಸಿ ದೀಪ ಇಡುವುದು, ಮೂಲಿಕೆ ಉರಿಸಿ ಶಾಖ ಕೊಡುವುದು ಅಪಾಯ. ಸುಟ್ಟದ್ದೇ ತಿಳಿಯುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಬೆಳಿಗ್ಗೆಯಿಂದ ಉಪವಾಸವಿದ್ದು ಹೋದರೆ ತಲೆ ಸುತ್ತಿ ಬೀಳುವ ಸಂಭವವೂ ಇದೆ. ಏಕಾದಶಿ ದಿನ ಅಪಾಯಿಂಟ್‌ಮೆಂಟ್ ಬೇಡ!

ಗರ್ಭಿಣಿಯರು. ಮೊದಲೇ ತಿಳಿಸಿ, ತಮ್ಮ ಪ್ರಸೂತಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಪೊಟ್ಟಣದ ಪುಡಿ. ಸೂಜಿಯ ಜೊತೆ ಮೂಲಿಕೆ ಪುಡಿ, ಗುಳಿಗೆಗಳನ್ನೂ ಕೆಲವರು ಮಾರುತ್ತಾರೆ. ಇದು ಬೇರೆಯೇ ವಿಷಯ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ತಿಂದ ಹಲವು ಮಹಿಳೆಯರ ಮೂತ್ರಪಿಂಡಗಳೇ ಹಾಳಾದವು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲದ ಬಗ್ಗೆ 2001ರಲ್ಲಿ ಎಫ್.ಡಿ.ಎ. ಎಚ್ಚರಿಕೆ ಕೊಟ್ಟಿತು. ಸೂಜಿ ಚುಚ್ಚಿಸಿಕೊಂಡರೂ ಪುಡಿಗೆ "ಬೇಡ" ಎನ್ನುವ ಹಕ್ಕು ನಮಗಿದೆ.

ಆದರೆ ಎಲ್ಲಕ್ಕಿಂತ ದೊಡ್ಡ ಅಪಾಯ ಸೂಜಿಯಿಂದ ಬರುವುದಲ್ಲ, ತಡವಾಗುವುದರಿಂದ ಬರುವುದು. ಸೊಂಟನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಮೊದಲು ಕ್ಯಾನ್ಸರ್ ಆಗಿದ್ದರೆ ಮೊದಲು ವೈದ್ಯರ ಬಳಿ ಹೋಗಬೇಕು. ಎಡ ಭುಜ, ದವಡೆ, ಎದೆಯ ನೋವನ್ನು "ವಾಯು", "ಸ್ನಾಯು ಹಿಡಿದಿದೆ" ಎಂದು ಸೂಜಿಗೆ ಕರೆದೊಯ್ಯಬಾರದು. ದಕ್ಷಿಣ ಏಷ್ಯಾದವರಾದ ನಮ್ಮಲ್ಲಿ ಹೃದಯಾಘಾತ ಬೇರೆಯವರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಹೋಗುವ ಮುನ್ನ ಕೇಳಬೇಕಾದ ಐದು ಪ್ರಶ್ನೆ

1. ನಿಮಗೆ ಈ ರಾಜ್ಯದ ಲೈಸೆನ್ಸ್ ಇದೆಯೆ? ಬಹುತೇಕ ರಾಜ್ಯಗಳಲ್ಲಿ ಅಕ್ಯುಪಂಕ್ಚರಿಗೆ ಲೈಸೆನ್ಸ್ ಕಡ್ಡಾಯ, ರಾಜ್ಯದ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು.
2. ಪ್ರತಿ ಸೂಜಿಯೂ ಒಂದೇ ಸಲ ಬಳಸುವಂಥದ್ದೆ? ಮುಚ್ಚಿದ ಪೊಟ್ಟಣವನ್ನು ನಮ್ಮ ಮುಂದೆಯೇ ಬಿಚ್ಚಬೇಕು.
3. ಎಷ್ಟು ಸಲ ಬರಬೇಕು? ಯಾವಾಗ "ಇದು ನಿಮಗೆ ಆಗುತ್ತಿಲ್ಲ" ಎಂದು ಹೇಳುತ್ತೀರಿ? ಇದಕ್ಕೆ ನೇರ ಉತ್ತರ ಕೊಡದವರಿಂದ ದೂರವಿರಿ. ಮುಂಗಡವಾಗಿ ಇಪ್ಪತ್ತು ಸಲದ ಹಣ ಕಟ್ಟಬೇಡಿ.
4. ಒಟ್ಟು ಖರ್ಚೆಷ್ಟು, ನಮ್ಮ ವಿಮೆಗೆ ಬಿಲ್ ಮಾಡುವವರು ಯಾರು?
5. ನಮ್ಮ ವೈದ್ಯರ ಜೊತೆ ಮಾತಾಡಲು ನಿಮ್ಮ ಅಭ್ಯಂತರವಿಲ್ಲ ತಾನೆ?

ಭಾಷೆಯ ತೊಡಕೂ ಇದೆ. ಅಮ್ಮ "ಸೆಳೆತ" ಎನ್ನುತ್ತಾರೆ, "ಚಳಕು" ಎನ್ನುತ್ತಾರೆ, "ಜೋಮು" ಎನ್ನುತ್ತಾರೆ. ಮೂರೂ ಬೇರೆ ಬೇರೆ. ಮಕ್ಕಳು ಮೂರಕ್ಕೂ "ಪೇನ್" ಎಂದು ಅನುವಾದ ಮಾಡಿಬಿಟ್ಟರೆ ನರ ಒತ್ತಿಕೊಂಡಿರುವ ಸುಳಿವೇ ಚಿಕಿತ್ಸಕರಿಗೆ ತಪ್ಪಿಹೋಗಬಹುದು. ಜೋಮು ಎಲ್ಲಿಂದ ಎಲ್ಲಿಯವರೆಗೆ ಇಳಿಯುತ್ತದೆ ಎಂದು ಅವರ ಬಾಯಿಂದಲೇ ಕೇಳಿ, ಕೈಯಿಂದ ತೋರಿಸಲು ಹೇಳಿ.

ನಾವು ಹೇಳುವುದಿಷ್ಟು. ವೈದ್ಯರು ನೋಡಿ, ಗಂಭೀರ ಕಾರಣವಿಲ್ಲವೆಂದ ಬಹುಕಾಲದ ಸೊಂಟನೋವಿಗೆ ಅಕ್ಯುಪಂಕ್ಚರ್ ಒಂದು ಯೋಗ್ಯ ಪ್ರಯತ್ನ. ಆರರಿಂದ ಹನ್ನೆರಡು ಸಲದೊಳಗೆ ನಡಿಗೆ, ನಿದ್ದೆ, ಮೆಟ್ಟಿಲು ಹತ್ತುವುದು ಇವುಗಳಲ್ಲಿ ವ್ಯತ್ಯಾಸ ಕಂಡರೆ ಮುಂದುವರಿಸಿ, ಇಲ್ಲದಿದ್ದರೆ ಗೌರವದಿಂದ ಕೈಮುಗಿದು ಬನ್ನಿ. ಮೆಡಿಕೇರ್ ಮಾಡಿರುವುದೂ ಅಷ್ಟೇ: ಒಂದು ನೋವಿಗೆ, ಒಂದು ಮಿತಿಯೊಳಗೆ, ಗುಣ ಕಂಡರೆ ಮಾತ್ರ.

ಈ ಬೇಸಿಗೆಗೆ ತಂದೆ ತಾಯಿಯರನ್ನು ಕರೆಸಿಕೊಳ್ಳುತ್ತಿರುವವರಲ್ಲಿ ಒಂದು ವಿನಂತಿ. ಚಟ್ನಿಪುಡಿ, ಹಪ್ಪಳದ ಪಟ್ಟಿಯ ಜೊತೆಗೆ ಅವರು ತೆಗೆದುಕೊಳ್ಳುವ ಎಲ್ಲ ಔಷಧಗಳ ಹೆಸರು ಮತ್ತು ಪ್ರಮಾಣವನ್ನು ಇಂಗ್ಲಿಷಿನಲ್ಲಿ ಬರೆಸಿ, ಹಳೆಯ ಎಕ್ಸ್‌ರೇ, ಸ್ಕ್ಯಾನ್ ವರದಿಗಳ ಪ್ರತಿಯನ್ನೂ ತರಲು ಹೇಳಿ. ಸೂಜಿ ಚಿಕಿತ್ಸೆಗೆ ಹೋದರೂ ಸರಿ, ಆಸ್ಪತ್ರೆಗೆ ಹೋದರೂ ಸರಿ, ಮೊದಲು ಕೇಳುವುದು ಅದನ್ನೇ.